ಮೂರು ವರ್ಷದ ಭಾನುವಾರಗಳು



ಕಥೆ, ಕವಿತೆ, ಪ್ರವಾಸ ಕಥನಗಳ ನಡುವೆ ಈ ಸಲ ನಾನು ಒಂದು ಸಂಖ್ಯೆಯ ಕಥೆ ಹೇಳಲು ಹೊರಟಿದ್ದೇನೆ. ಗಣಿತ ಎಂದ ಕೂಡಲೇ ಮುಂದಿನ ಲೇಖನಕ್ಕೆ ಹಾರಬೇಡಿ. ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು. ಅಷ್ಟನ್ನು ನಮ್ಮೂರ ಶಾಲೆಯ ಮೇಷ್ಟ್ರು ಬೆತ್ತ ಹಿಡಿದೇ ಕಲಿಸಿದ್ದಾರೆ.

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಎಂಟನೇ ಕ್ಲಾಸಿನ ಮಗಳು ಪ್ರೋಗ್ರಾಮಿಂಗ್ ಹೋಮ್‌ವರ್ಕ್ ಹಿಡಿದುಕೊಂಡು ಬಂದಳು. ಕಂಪ್ಯೂಟರ್ ಓದಿದವರೆಲ್ಲ ಒಮ್ಮೆಯಾದರೂ ಬರೆದಿರುವ ‘ಟವರ್ ಆಫ್ ಹನೋಯ್’. ಮೂರು ಕಂಬಗಳು. ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದರಂತೆ ಪೇರಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಕೊನೆಗೆ ಎಲ್ಲವೂ ಇನ್ನೊಂದು ಕಂಬಕ್ಕೆ ಹೋಗಬೇಕು. 3 ಬಿಲ್ಲೆಗೆ 7 ನಡೆ, 4ಕ್ಕೆ 15, 5ಕ್ಕೆ 31. ಒಂದು ಬಿಲ್ಲೆ ಹೆಚ್ಚಿದರೆ ನಡೆಗಳು ಎರಡರಷ್ಟಾಗಿ ಮೇಲೊಂದು. ಅಂದರೆ ಎಷ್ಟು ಬಿಲ್ಲೆಗಳೋ ಅಷ್ಟು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಉತ್ತರ ಬಂತು.

ಈ ಆಟದ ಜೊತೆಗೆ ಒಂದು ಕಾಶಿಯ ಕಥೆಯೂ ಉಂಟು. ಅಲ್ಲಿನ ಗುಡಿಯೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಹಗಲೂ ರಾತ್ರಿ ಸಾಗಿಸುತ್ತಿದ್ದಾರಂತೆ, ಅದು ಮುಗಿದ ದಿನ ಪ್ರಳಯವಂತೆ. ಕಾಶಿಯಲ್ಲಿ ಯಾರೂ ಕೇಳಿರದ ಈ ಕಥೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ಆಟವನ್ನು 1883ರಲ್ಲಿ ಮಾರುಕಟ್ಟೆಗೆ ತಂದ ‘ಸಯಾಮಿನ ಪ್ರೊಫೆಸರ್ ಎನ್. ಕ್ಲಾಸ್’ ಎಂಬ ಹೆಸರೂ ಕಟ್ಟಿದ್ದೇ. ಅದರ ಅಕ್ಷರಗಳನ್ನು ಕಲಸಿ ಜೋಡಿಸಿದರೆ ‘ಅಮಿಯೆನ್ಸಿನ ಲ್ಯೂಕಾ’ ಆಗುತ್ತದೆ. ಎದುವಾರ್ ಲ್ಯೂಕಾ ಫ್ರಾನ್ಸಿನ ಗಣಿತಜ್ಞ. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

“64ರ ಬದಲು 67 ಬಿಲ್ಲೆ ಹಾಕು. ಆ ಸಂಖ್ಯೆಗೊಂದು ಕಥೆ ಇದೆ” ಅಂದೆ. ಉತ್ತರ ಬಂತು:

14,75,73,95,25,89,67,64,12,927

ಸೆಕೆಂಡಿಗೊಂದು ನಡೆಯಂತೆ ಆಡಿದರೂ ನಾಲ್ಕೂವರೆ ಲಕ್ಷ ಕೋಟಿ ವರ್ಷ ಮೀರುತ್ತದೆ. ಈ ಸಂಖ್ಯೆಯನ್ನು ಯಾವ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಬಹುದು ಎಂದು ಕಂಡುಹಿಡಿಯಲು ಇದೇ ನ್ಯೂಯಾರ್ಕಿನ ಒಬ್ಬ ಪ್ರೊಫೆಸರ್ ಮೂರು ವರ್ಷದ ಭಾನುವಾರಗಳನ್ನು ಕೊಟ್ಟರು ಎಂದೆ. ಅವಳು ಹತ್ತು ಸಾಲಿನ ಪ್ರೋಗ್ರಾಮ್ ಬರೆಯುವುದಕ್ಕೆ ನಾನು ಕೊಂಚ ಸಹಾಯ ಮಾಡಿದೆ. ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಎರಡೂ ಸಂಖ್ಯೆಗಳನ್ನು ಉಗುಳಿತು. ಮಗಳು ನನ್ನ ಕಡೆ ತಿರುಗಿ ಕೇಳಿದಳು: “ಹಾಗಾದ್ರೆ ಪಾಪ, ಅವರ ಮೂರು ವರ್ಷ ವೇಸ್ಟ್ ಅಲ್ವಾ ಅಪ್ಪಾ?”

ಇಲ್ಲ ಎಂದು ತಕ್ಷಣ ಹೇಳಿದೆ. ಯಾಕೆ ಇಲ್ಲ ಎಂದು ಹೇಳಲು ಬರಲಿಲ್ಲ. ಆ ಪ್ರಶ್ನೆ ನನಗೆ ಚುಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಪ್ಪ ತಿಪಟೂರು ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದವರು. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಬರುತ್ತಿರಲಿಲ್ಲ. ನಾನು ಈ ದೇಶದಲ್ಲಿ ಹೊಟ್ಟೆ ಹೊರೆಯುವುದು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದು. ಅಪ್ಪನ ಮೂವತ್ತು ವರ್ಷದ ಕೆಲಸವನ್ನು ನಮ್ಮ ಪ್ರೋಗ್ರಾಮ್ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಮಗಳ ಪ್ರಶ್ನೆ ಆ ಪ್ರೊಫೆಸರನ್ನು ದಾಟಿ ಅಜ್ಜನವರೆಗೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆದ್ದರಿಂದ ಉತ್ತರವನ್ನು ನಿಧಾನವಾಗಿ, ಮೊದಲಿನಿಂದ ಹೇಳಿಕೊಳ್ಳುತ್ತೇನೆ.

ಮೊದಲು ನಮ್ಮ ಸಂಖ್ಯೆಗೆ ಒಂದು ಹೆಸರು ಬೇಡವೆ? 21 ಅಂಕಿಗಳ ಇದನ್ನು ಕೋಟಿಗಳಲ್ಲಿ ಓದಲು ಹೊರಟರೆ ನಾಲಿಗೆ ತೊಡರುತ್ತದೆ. ಆದರೆ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರಿದೆ. ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ. ಅದರಲ್ಲಿ 21ನೆಯ ಸ್ಥಾನದ ಹೆಸರು ‘ಕ್ಷಿತಿ’, ಅಂದರೆ ಭೂಮಿ. ನಮ್ಮ ಸಂಖ್ಯೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ ಎಂದು ಶುರುವಾಗುತ್ತದೆ. ಇಂಥ ಸಂಖ್ಯೆಯನ್ನು ಕನ್ನಡ ನಾಡಿನ ಒಬ್ಬ ಗಣಿತಜ್ಞ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಸರಿಟ್ಟು ಕರೆಯಬಲ್ಲವನಾಗಿದ್ದ.

ಈಗ ಕಥೆ ಪ್ಯಾರಿಸ್‌ಗೆ. ಮರಿನ್ ಮರ್ಸೆನ್ (1588–1648) ಒಬ್ಬ ಕ್ರೈಸ್ತ ಸಂನ್ಯಾಸಿ. ಮಠದ ತನ್ನ ಕೋಣೆಯಲ್ಲಿ ಕೂತು ಡೆಕಾರ್ಟ್, ಫರ್ಮಾ, ಗೆಲಿಲಿಯೊ ಮುಂತಾದವರಿಗೆ ಕಾಗದ ಬರೆಯುತ್ತಿದ್ದ. ಒಬ್ಬರ ಪತ್ರದ ಸುದ್ದಿ ಇನ್ನೊಬ್ಬರಿಗೆ ದಾಟಿಸುತ್ತಿದ್ದ. ವೈಜ್ಞಾನಿಕ ಪತ್ರಿಕೆಗಳು ಹುಟ್ಟುವ ಮೊದಲು ಯುರೋಪಿಗೆ ಇವನೇ ಪತ್ರಿಕೆ. ನೀವೀಗ ಓದುತ್ತಿರುವ ಈ ಈ-ಪತ್ರಿಕೆಯ ಮುತ್ತಾತ ಅನ್ನಿ.

ಅವನಿಗೆ ಆಸಕ್ತಿಯಿದ್ದ ವಿಷಯಗಳಲ್ಲಿ ‘ಪರಿಪೂರ್ಣ ಸಂಖ್ಯೆ’ಯೂ ಒಂದು. 6ನ್ನು ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3, ಕೂಡಿಸಿದರೆ 6ಏ. 28ಕ್ಕೂ ಹಾಗೆಯೇ: 1, 2, 4, 7, 14. ಇವನ್ನು ಹುಟ್ಟಿಸುವ ಸೂತ್ರ ಯೂಕ್ಲಿಡ್‌ಗೆ ಗೊತ್ತಿತ್ತು: ಎರಡರ ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆ ತಯಾರಾಗುತ್ತದೆ. ಅವಿಭಾಜ್ಯ ಎಂದರೆ 1 ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದ್ದು, ಇಂಗ್ಲಿಷಿನ ಪ್ರೈಮ್. 3, 7, 31, 127 ಎಲ್ಲ ಹೀಗೆ ಬಂದ ಅವಿಭಾಜ್ಯಗಳು. ಆದರೆ ಘಾತ 11 ಆದಾಗ ಬರುವ 2047 ಮೋಸ ಮಾಡುತ್ತದೆ, ಅದು 23 ಮತ್ತು 89ರ ಗುಣಲಬ್ಧ.

ಹಾಗಾದರೆ ಯಾವ ಘಾತಗಳು ಸರಿ? 1644ರ ತನ್ನ ಪುಸ್ತಕದಲ್ಲಿ ಮರ್ಸೆನ್ ಧೈರ್ಯವಾಗಿ ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಇವಿಷ್ಟೇ, 257ರವರೆಗೆ ಬೇರಾವುದೂ ಇಲ್ಲ. ಇಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸಲು ಅವನಲ್ಲಿ ಉಪಾಯವಿರಲಿಲ್ಲ. ಹದಿನೈದು ಇಪ್ಪತ್ತು ಅಂಕಿಯ ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಕಾಲವೆಲ್ಲ ಸಾಲದು ಎಂಬ ಅರ್ಥದ ಮಾತನ್ನು ಅವನೇ ಬರೆದಿದ್ದಾನೆ. ಆದರೂ ಪಟ್ಟಿ ಕೊಟ್ಟ. ಒಳ್ಳೆಯ ಹೆಸರಿನವರು ಹೇಳಿದ್ದರಿಂದ ಜನ ನಂಬಿದರು. ನಮ್ಮ 67 ಆ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಹಾಯಾಗಿ ಕೂತಿತ್ತು.

1772ರಲ್ಲಿ ಆಯ್ಲರ್ 31ರ ಘಾತದ 2,14,74,83,647 ಅವಿಭಾಜ್ಯ ಎಂದು ತೋರಿಸಿದ. ಅಲ್ಲಿಂದ ಮುಂದೆ ನೂರು ವರ್ಷ ಗಾಡಿ ಕದಲಲಿಲ್ಲ. ಆಮೇಲೆ ಬಂದವನೇ ನಮ್ಮ ಹನೋಯ್ ಗೋಪುರದ ಲ್ಯೂಕಾ. 1876ರಲ್ಲಿ, ಇನ್ನೂ ಮೂವತ್ತನಾಲ್ಕರ ಹರೆಯದಲ್ಲಿ, ಒಂದು ವಿಚಿತ್ರ ಪರೀಕ್ಷೆ ಕಂಡುಹಿಡಿದ. ಅದನ್ನು 1930ರಲ್ಲಿ ಅಮೆರಿಕದ ಲೆಹ್ಮರ್ ಅಚ್ಚುಕಟ್ಟು ಮಾಡಿದ ರೂಪದಲ್ಲಿ ಹೇಳುತ್ತೇನೆ, ಒಂದು ಚೀಟಿಯ ಮೇಲೆ ಮಾಡಿ ನೋಡಬಹುದು.

127 ಅವಿಭಾಜ್ಯವೇ? 4ರಿಂದ ಶುರು ಮಾಡಿ. ಅದನ್ನು ಅದರಿಂದಲೇ ಗುಣಿಸಿ, 2 ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿದರೆ 194. ಅದು 127ನ್ನು ಮೀರಿತು, ಭಾಗಿಸಿ ಶೇಷ ಇಟ್ಟುಕೊಳ್ಳಿ: 67. ಮುಂದಿನವು 42, 111, ಆಮೇಲೆ 0. ಘಾತ 7 ಆದ್ದರಿಂದ ಎರಡು ಕಡಿಮೆ, ಅಂದರೆ 5 ಸಲ ಮಾಡಬೇಕಿತ್ತು. ಐದನೆಯ ಸಲ ಸೊನ್ನೆ ಬಂತು. ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 2047ಕ್ಕೆ ಇದನ್ನೇ ಒಂಬತ್ತು ಸಲ ಮಾಡಿದರೆ 14, 194, 788, 701, 119, 1877, 240, 282, ಕೊನೆಗೆ 1736. ಸೊನ್ನೆ ಅಲ್ಲ. ಆದ್ದರಿಂದ 2047 ಒಡೆಯುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಿ. 1736 ಎಂಬ ಉತ್ತರದಲ್ಲಿ 23ರ ಸುಳಿವಿದೆಯೆ? 89ರ ಸುಳಿವಿದೆಯೆ? ಇಲ್ಲ. ಒಡೆಯುತ್ತದೆ ಎಂದಷ್ಟೇ ಹೇಳಿ ಪರೀಕ್ಷೆ ಬಾಯಿ ಮುಚ್ಚಿಕೊಳ್ಳುತ್ತದೆ. ಕಳ್ಳ ಮನೆಯೊಳಗೆ ಇದ್ದಾನೆ ಎನ್ನುವುದು ಖಚಿತ, ಯಾವ ಕೋಣೆಯಲ್ಲಿ ಎಂದು ಗೊತ್ತಿಲ್ಲ.

ಲ್ಯೂಕಾ ತನ್ನ ವಿಧಾನದಿಂದ 127ರ ಘಾತದ 39 ಅಂಕಿಯ ಸಂಖ್ಯೆ ಅವಿಭಾಜ್ಯ ಎಂದು ಸಾಧಿಸಿದ. 1951ರವರೆಗೆ, ಎಪ್ಪತ್ತೈದು ವರ್ಷ, ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ಅದೇ 1876ರಲ್ಲಿ ಅವನು 67ರ ಘಾತದ ನಮ್ಮ ಕ್ಷಿತಿ ಸಂಖ್ಯೆ ಅವಿಭಾಜ್ಯವಲ್ಲ ಎಂದೂ ಹೇಳಿದ. ಮರ್ಸೆನ್‌ನ ಪಟ್ಟಿಗೆ 232 ವರ್ಷಗಳ ನಂತರ ಬಿದ್ದ ಮೊದಲ ಪೆಟ್ಟು ಇದು. (ಆಮೇಲೆ ಇನ್ನೂ ಬಿದ್ದವು. 257 ತಪ್ಪು, 61, 89, 107 ಬಿಟ್ಟುಹೋಗಿದ್ದವು. ಒಟ್ಟು ಐದು ತಪ್ಪು.) ಆದರೆ ಯಾವುದರಿಂದ ಒಡೆಯುತ್ತದೆ? ಲ್ಯೂಕಾನಿಗೆ ಗೊತ್ತಿರಲಿಲ್ಲ. ಮುಂದಿನ 27 ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಯಾಕೆ ಅಷ್ಟು ಕಷ್ಟ? ಫರ್ಮಾ 1640ರಷ್ಟು ಹಿಂದೆಯೇ ಒಂದು ಒಳ್ಳೆಯ ಸುಳಿವು ಕಂಡುಕೊಂಡಿದ್ದ. 67ರ ಘಾತದ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದರಿಂದ 1 ಕಳೆದರೆ 134ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಮುಂದೆ ಇನ್ನೊಂದು ಸುಳಿವು ಸೇರಿತು: 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಇವೆರಡರಿಂದ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ. ಆದರೂ ಉತ್ತರ ಎಷ್ಟು ದೂರದಲ್ಲಿತ್ತು ನೋಡಿ: ಈ ಎರಡು ಜರಡಿಗಳನ್ನು ದಾಟಿ ಬರುವ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿದರೆ ಸರಿಯಾದದ್ದು 7,22,790ನೆಯದು! 3, 5, 7, 11ರಿಂದ ಭಾಗವಾಗುವವನ್ನು ಕೈಬಿಟ್ಟರೂ ಸುಮಾರು 3 ಲಕ್ಷ ಉಳಿಯುತ್ತವೆ. ಮೂರು ವರ್ಷಕ್ಕೆ 156 ಭಾನುವಾರ. ಒಂದೊಂದು ಭಾನುವಾರ 1,900 ಭಾಗಾಕಾರ, ಅದೂ 21 ಅಂಕಿಯ ಭಾಜ್ಯ ಇಟ್ಟುಕೊಂಡು. ಮನುಷ್ಯರಿಂದ ಆಗುವ ಕೆಲಸವಲ್ಲ. ಬುದ್ಧಿ ಉಪಯೋಗಿಸಲೇಬೇಕಿತ್ತು.

ಆ ಬುದ್ಧಿ ಉಪಯೋಗಿಸಿದವರು ಫ್ರಾಂಕ್ ನೆಲ್ಸನ್ ಕೋಲ್. 1861ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ಕ್ಲೈನ್ ಬಳಿ ಕಲಿತು ಬಂದವರು. 1895ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅದರ ಜೊತೆಗೆ 1896ರಿಂದ 1920ರವರೆಗೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಏನು ಎಂದು ನಮ್ಮ ಕನ್ನಡ ಕೂಟಗಳಲ್ಲಿ ಒಂದು ವರ್ಷ ಆ ಕುರ್ಚಿಯಲ್ಲಿ ಕೂತವರನ್ನು ಕೇಳಿ. ಪತ್ರ ಬರೆಯುವುದು, ಸಭೆ ಸೇರಿಸುವುದು, ವರದಿ ಒಪ್ಪಿಸುವುದು. ಅವರ ವಾರದ ದಿನಗಳು ಹೀಗೆ ಬೇರೆಯವರ ಪಾಲು. ಉಳಿದದ್ದು ಭಾನುವಾರ.

ಕೋಲ್ ಸಂಖ್ಯೆಗಳನ್ನು ಒಂದೊಂದಾಗಿ ಭಾಗಿಸಿ ನೋಡಲಿಲ್ಲ. ವರ್ಗ ಸಂಖ್ಯೆಗಳನ್ನು ನಮ್ಮ ಕ್ಷಿತಿ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷಗಳಲ್ಲಿ ಚಿಕ್ಕವನ್ನು ಆರಿಸಿ ಕೂಡಿಹಾಕಿದರು. ಅಂಥ ಪ್ರತಿಯೊಂದು ಶೇಷವೂ ಅಡಗಿರುವ ಅಪವರ್ತನದ ಬಗ್ಗೆ ಒಂದು ನಿಬಂಧನೆ ಹೇಳುತ್ತದೆ, ಪ್ರತಿ ನಿಬಂಧನೆಯೂ ಉಳಿದ ಅಭ್ಯರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಹೊರಗಟ್ಟುತ್ತದೆ. ಅರ್ಧ, ಅರ್ಧದ ಅರ್ಧ, ಅದರಲ್ಲೂ ಅರ್ಧ... ಲಕ್ಷಗಳು ಸಾವಿರವಾಗಿ, ಸಾವಿರ ನೂರಾಗಿ ಕರಗುವುದು ಹೀಗೆ. ಹೇಳುವುದು ಸುಲಭ. ಆ ಶೇಷಗಳನ್ನು ಕಾಗದ ಪೆನ್ಸಿಲ್‌ನಲ್ಲಿ ಒಂದೂ ತಪ್ಪಿಲ್ಲದೆ ಹುಡುಕುವುದಿದೆಯಲ್ಲ, ಅದಕ್ಕೇ ಭಾನುವಾರಗಳು ಬೇಕಾದದ್ದು.

1903ರ ಅಕ್ಟೋಬರ್ 31, ಶನಿವಾರ. ನ್ಯೂಯಾರ್ಕಿನಲ್ಲಿ ಸೊಸೈಟಿಯ ಸಭೆ. ಕಾರ್ಯಕ್ರಮ ಪಟ್ಟಿಯಲ್ಲಿ ಕೋಲ್ ಅವರ ಪ್ರಬಂಧ, ದೊಡ್ಡ ಸಂಖ್ಯೆಗಳನ್ನು ಒಡೆಯುವುದರ ಬಗ್ಗೆ. ಮುಂದೆ ನಡೆದದ್ದನ್ನು ನಮಗೆ ತಲುಪಿಸಿದವರು ಗಣಿತದ ಇತಿಹಾಸವನ್ನು ಕಥೆಯಂತೆ ಬರೆದ ಇ. ಟಿ. ಬೆಲ್. ಮೊದಲೇ ಮಿತಭಾಷಿಯಾದ ಕೋಲ್ ಎದ್ದು ಹೋಗಿ, ಒಂದು ಮಾತೂ ಆಡದೆ, ಬೋರ್ಡಿನ ಮೇಲೆ ಎರಡರ 67ನೆಯ ಘಾತವನ್ನು ಲೆಕ್ಕ ಮಾಡಿ, ಒಂದು ಕಳೆದು ಬರೆದರು. ಬೋರ್ಡಿನ ಇನ್ನೊಂದು ಬದಿಗೆ ನಡೆದು ಎರಡು ಸಂಖ್ಯೆ ಬರೆದರು:

19,37,07,721 ಮತ್ತು 7,61,83,82,57,287

ಶಾಲೆಯ ಹುಡುಗನಂತೆ ಸಾಲಿನ ಕೆಳಗೆ ಸಾಲು ಬರೆಯುತ್ತ ಗುಣಿಸಿದರು. ಎರಡೂ ಬದಿಯ ಉತ್ತರ ಒಂದೇ ಆಯಿತು. ಸೀಮೆಸುಣ್ಣ ಇಟ್ಟು, ಮಾತಿಲ್ಲದೆ ಬಂದು ಕೂತರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇತಿಹಾಸ ಬರೆಯುವಾಗ ಇಲ್ಲಿ ಕೊಂಚ ಎಚ್ಚರ ಬೇಕು. ಬೆಲ್ ಇದನ್ನು ಪುಸ್ತಕದಲ್ಲಿ ಬರೆದದ್ದು 1951ರಲ್ಲಿ, ಘಟನೆಯಾಗಿ 48 ವರ್ಷಗಳ ಮೇಲೆ. ಕಥೆಗೆ ಉಪ್ಪು ಖಾರ ಹಚ್ಚುವುದರಲ್ಲಿ ಅವರು ಹೆಸರಾದವರು. ಆದರೆ ಅವರು ಕೊಲಂಬಿಯಾದಲ್ಲೇ ಓದಿ 1912ರಲ್ಲಿ ಡಾಕ್ಟರೇಟ್ ಪಡೆದವರು, ಕೋಲ್ ಅವರನ್ನು ಬಲ್ಲವರು. ಈ ಸಂಖ್ಯೆ ಒಡೆಯಲು ಎಷ್ಟು ಕಾಲ ಹಿಡಿಯಿತು ಎಂದು 1911ರಲ್ಲಿ ಕೇಳಿದಾಗ ಮೂರು ವರ್ಷದ ಭಾನುವಾರಗಳು ಎಂಬ ಉತ್ತರ ಬಂತು ಎನ್ನುವುದೂ ಅವರೇ ಹೇಳಿದ್ದು. ಹಾಗಾಗಿ ಮೌನದ ಕಥೆಯನ್ನು ಬೆಲ್ ಅವರ ಖಾತೆಗೆ ಹಾಕಿ, ಖಚಿತವಾದದ್ದನ್ನು ಬೇರೆ ಇಡೋಣ. ಸಭೆಯ ದಿನ ಖಚಿತ. ಅದೇ ವರ್ಷ ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾದ ನಾಲ್ಕು ಪುಟಗಳ ಪ್ರಬಂಧ ಖಚಿತ, ಅದರಲ್ಲಿ ಕೋಲ್ ತಮ್ಮ ವಿಧಾನವನ್ನು ಮಾತಿನಲ್ಲೇ ವಿವರಿಸಿದ್ದಾರೆ. ಎಲ್ಲಕ್ಕಿಂತ ಖಚಿತ ಆ ಎರಡು ಸಂಖ್ಯೆಗಳು. ಅವಕ್ಕೆ ಬೆಲ್ ಸಾಕ್ಷಿಯೂ ಬೇಡ, ಕೋಲ್ ಸಾಕ್ಷಿಯೂ ಬೇಡ.

ಈ ಕೊನೆಯ ಮಾತು ಬರೆಯುವಾಗ ಮಗಳ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿತು ಅನ್ನಿಸಿತು.

ಲ್ಯೂಕಾ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅದನ್ನು ಒಪ್ಪಬೇಕಾದರೆ ಅವನ ಸಿದ್ಧಾಂತ ಅರ್ಥವಾಗಬೇಕು, ಅವನ ಉದ್ದುದ್ದ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು, ಇಲ್ಲವೆ ನಂಬಬೇಕು. ಕೋಲ್ ಕೊಟ್ಟದ್ದು ನಂಬಿಕೆ ಬೇಡದ ಉತ್ತರ. ಮಗ್ಗಿ ಬಲ್ಲ ಯಾರಾದರೂ ಅರ್ಧ ಗಂಟೆಯಲ್ಲಿ ತಾಳೆ ನೋಡಬಹುದು. ಹುಡುಕುವ ಕಷ್ಟವನ್ನೆಲ್ಲ ತಾವೇ ಪಟ್ಟು, ತಾಳೆ ನೋಡುವ ಸುಲಭವನ್ನು ನಮಗೆ ಬಿಟ್ಟರು.

ಹುಡುಕುವುದು ಕಷ್ಟ, ತಾಳೆ ನೋಡುವುದು ಸುಲಭ. ಈ ವ್ಯತ್ಯಾಸದ ಮೇಲೆಯೇ ಇಂದು ನನ್ನಂಥವರ ಕಸುಬು ನಿಂತಿದೆ. 1977ರಲ್ಲಿ ಎಂ.ಐ.ಟಿ.ಯ ರಿವೆಸ್ಟ್, ಶಮೀರ್, ಏಡಲ್‌ಮನ್ ಇದನ್ನೇ ಬೀಗವಾಗಿ ಮಾಡಿದರು: ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಬಂದದ್ದನ್ನು ಊರಿಗೆಲ್ಲ ಹೇಳು, ಆ ಎರಡನ್ನು ಗುಟ್ಟಾಗಿಡು. ಅವರು ಸವಾಲಾಗಿ ಒಡ್ಡಿದ 129 ಅಂಕಿಯ ಸಂಖ್ಯೆಯನ್ನು 1994ರಲ್ಲಿ ಸುಮಾರು 600 ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಇಂಟರ್‌ನೆಟ್ಟಿನಲ್ಲಿ ಒಟ್ಟು ಸೇರಿಸಿ ಒಡೆದರು. 2020ರಲ್ಲಿ 250 ಅಂಕಿಯ ಇನ್ನೊಂದು ಸಂಖ್ಯೆ ಒಡೆಯಿತು. ನೀವು ಊರಿಗೆ ದುಡ್ಡು ಕಳಿಸುವಾಗ ಕಾವಲಿಗೆ ನಿಲ್ಲುವ ಇಂಥ ಸಂಖ್ಯೆಗಳು ಸಾಮಾನ್ಯವಾಗಿ 617 ಅಂಕಿಯವು. ಅವುಗಳ ಮುಂದೆ ನಮ್ಮ ಕ್ಷಿತಿ ಸಂಖ್ಯೆ ಎಳೆಗೂಸು.

ಲ್ಯೂಕಾನ ಕಾಲದ ಕಂದಕ ಇನ್ನೂ ಮುಚ್ಚಿಲ್ಲ. 2002ರಲ್ಲಿ ಐ.ಐ.ಟಿ. ಕಾನ್ಪುರದ ಮಣೀಂದ್ರ ಅಗ್ರವಾಲ್, ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಅದೃಷ್ಟಕ್ಕೆ ಏನನ್ನೂ ಬಿಡದೆ, ಮಿತವಾದ ಸಮಯದಲ್ಲಿ ಹೇಳುವ ವಿಧಾನ ಕೊಟ್ಟು ಜಗತ್ತನ್ನೇ ಬೆರಗುಗೊಳಿಸಿದರು. ಅದೂ ‘ಅಲ್ಲ’ ಎನ್ನುತ್ತದೆಯೇ ಹೊರತು ಯಾವುದರಿಂದ ಒಡೆಯುತ್ತದೆ ಎನ್ನುವುದಿಲ್ಲ. ಎರಡರ 1277ನೆಯ ಘಾತದಿಂದ 1 ಕಳೆದರೆ ಬರುವ 385 ಅಂಕಿಯ ಸಂಖ್ಯೆ ಅವಿಭಾಜ್ಯವಲ್ಲ ಎಂದು ಗೊತ್ತು. ನಾನಿದನ್ನು ಬರೆಯುವ ಹೊತ್ತಿಗೂ ಅದರ ಒಂದೇ ಒಂದು ಅಪವರ್ತನ ಯಾರ ಕೈಗೂ ಸಿಕ್ಕಿಲ್ಲ. ಅದಕ್ಕೆ ಲ್ಯೂಕಾ ಬಂದಾಯಿತು, ಕೋಲ್ ಇನ್ನೂ ಬರಬೇಕು. ಆಫೀಸಿನಲ್ಲೂ ದಿನಾ ಇದೇ ಪಾಡು. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಟೆಸ್ಟು ಎರಡು ನಿಮಿಷದಲ್ಲಿ ಕೆಂಪು ದೀಪ ತೋರಿಸುತ್ತದೆ. ಎಲ್ಲಿ ಎಂದು ಹುಡುಕುವುದರಲ್ಲಿ ನಮ್ಮ ವಾರ ಹೋಗುತ್ತದೆ.

ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡುವುದು ರೂಢಿ. ಅಲ್ಲಿ ಸಂಜೆ. ಮುಂದಿನ ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರೂ ಸಂಖ್ಯೆಗಳನ್ನು ಅಪ್ಪನಿಗೆ ಬರೆಸಿದೆ. ಎಂಬತ್ತು ದಾಟಿದ ಅಪ್ಪ ಎರಡೆರಡು ಅಂಕಿ ಕೇಳಿ ಬರೆದುಕೊಂಡು, ಫೋನ್ ಇಡದೆಯೇ ಒಂಬತ್ತು ಕಳೆಯುವ ಲೆಕ್ಕ ಶುರು ಮಾಡಿದರು. ಅಂಕಿಗಳನ್ನು ಕೂಡಿಸುತ್ತ ಹೋಗುವುದು: “ಮೊದಲನೇದು ಮೂವತ್ತೇಳು, ಹತ್ತು, ಒಂದು. ಎರಡನೇದು ಅರವತ್ನಾಲ್ಕು, ಹತ್ತು, ಒಂದು. ಗುಣಿಸಿದ್ರೆ ಒಂದು ಬರಬೇಕು. ದೊಡ್ಡದು... ನೂರಾ ಒಂಬತ್ತು, ಹತ್ತು, ಒಂದು. ತಾಳೆ ಆಯ್ತು.”

“ಹಾಗಾದ್ರೆ ಸರಿ ಅಂತಾನಾ ಅಜ್ಜ?” ಮಗಳು ಕೇಳಿದಳು.

“ಇಲ್ಲ ಮರಿ. ಈ ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ತಪ್ಪು ಅಂತ ಗ್ಯಾರಂಟಿ. ಎಲ್ಲಿ ತಪ್ಪು ಅಂತ ಹೇಳಲ್ಲ. ತಾಳೆ ಆದ್ರೂ ಸರಿ ಅಂತ ಗ್ಯಾರಂಟಿ ಇಲ್ಲ. ಪೂರ್ತಿ ಗುಣಿಸಿಯೇ ನೋಡಬೇಕು.”

ಲ್ಯೂಕಾನಿಂದ ಇಲ್ಲಿಯವರೆಗೆ ನಾನು ಇಷ್ಟುದ್ದ ಬರೆದದ್ದರ ಅರ್ಧವನ್ನು ಅಪ್ಪ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಸಂಜೆಯ ಬ್ಯಾಂಕಿನಲ್ಲಿ ಹನ್ನೊಂದು ರೂಪಾಯಿ ವ್ಯತ್ಯಾಸಕ್ಕೆ ಅವರು ಹುಡುಕುತ್ತಿದ್ದದ್ದು ಹನ್ನೊಂದು ರೂಪಾಯಿಯನ್ನಲ್ಲ. ಮಾರನೇ ದಿನ ಯಾವ ರೈತ ಬಂದು ಪಾಸ್‌ಬುಕ್ ತೆಗೆದರೂ ಅದರಲ್ಲಿರುವುದನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ, ಕೂಡಿಸಿ ನೋಡಬಹುದು. ಆ ಸ್ಥಿತಿಯಲ್ಲಿ ಅದನ್ನು ಬಿಟ್ಟು ಬರಬೇಕಿತ್ತು ಅಷ್ಟೆ. ನನ್ನ ಪ್ರೋಗ್ರಾಮ್ ಆ ಕೆಲಸವನ್ನು ಬೇಗ ಮಾಡುತ್ತದೆ, ನಿಜ. ಮಾಡಬೇಕಾದ ಕೆಲಸ ಇದು ಎಂದು ಅದಕ್ಕೆ ಹೇಳಿಕೊಟ್ಟವರು ಅಪ್ಪನಂಥವರು. ಕೋಲ್ ಕೂಡ ಹಾಗೆಯೇ. ಅವರು ತಮ್ಮ ನಿವೃತ್ತಿಯ ಸಮಯದಲ್ಲಿ ಗೆಳೆಯರು ಕೂಡಿಸಿಕೊಟ್ಟ ಹಣವನ್ನೂ ಸೊಸೈಟಿಗೇ ಕೊಟ್ಟರು. 1928ರಿಂದ ಕೊಡುತ್ತಿರುವ ಕೋಲ್ ಬಹುಮಾನ ಹುಟ್ಟಿದ್ದು ಅದರಿಂದ. 2008ರಲ್ಲಿ ಸಂಖ್ಯಾಸಿದ್ಧಾಂತಕ್ಕಾಗಿ ಅದು ಸಂದದ್ದು ಭಾರತೀಯ ಮೂಲದ ಮಂಜುಲ್ ಭಾರ್ಗವ ಅವರಿಗೆ.

ಅಜ್ಜ ಮೊಮ್ಮಗಳು ಒಂದು ಒಪ್ಪಂದ ಮಾಡಿಕೊಂಡರು. ಇಬ್ಬರೂ ಬೇರೆ ಬೇರೆ ಗುಣಿಸುವುದು, ಮುಂದಿನ ಭಾನುವಾರ ತಾಳೆ ನೋಡುವುದು. “ಚಿಕ್ಕ ಸಂಖ್ಯೇಲಿ ಏಳು ಮೂರು ಸಲ ಇದೆ, ಏಳರ ಸಾಲು ಒಂದೇ ಸಲ ಮಾಡ್ಕೊ, ಮೂರು ಕಡೆ ಬರಿ” ಎಂದು ಅಪ್ಪ ಉಪಾಯ ಹೇಳಿಕೊಟ್ಟರು. ಮಗಳು ಲ್ಯಾಪ್‌ಟಾಪ್ ಮುಚ್ಚಿ ಗ್ರಾಫ್ ಹಾಳೆ ತಂದಳು. ಎಂಟು ಸಾಲು, ಒಂದು ಗಂಟೆ, ಎರಡು ರಬ್ಬರು.

ಮುಂದಿನ ಭಾನುವಾರ ಅವಳದ್ದು ಸರಿ ಬಂದಿತ್ತು. ಅಪ್ಪನದ್ದು ಒಂದು ಅಂಕಿ ತಪ್ಪಿತ್ತು. ಫೋನಿನಲ್ಲೇ ಸಾಲು ಸಾಲಾಗಿ ಇಬ್ಬರೂ ಹುಡುಕಿದರು. ಇಪ್ಪತ್ತು ನಿಮಿಷದ ಮೇಲೆ ಆ ಕಡೆಯಿಂದ ಧ್ವನಿ ಬಂತು: “ಸಿಕ್ತು ನೋಡು. ಒಂಬತ್ತರ ಸಾಲಿನಲ್ಲಿ ಕೈಲಿದ್ದದ್ದನ್ನ ಸೇರಿಸೋದು ಮರೆತಿದ್ದೆ. ಈಗ ಸರಿ.” ಬ್ಯಾಂಕಿನಿಂದ ರಾತ್ರಿ ಎಂಟಕ್ಕೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಇರುತ್ತಿದ್ದ ಅದೇ ಧ್ವನಿ.

ವೇಸ್ಟಾ ಎಂದು ಮಗಳು ಮತ್ತೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮಿತ್ರರೆ, ನಿಮಗೂ ಒಂದು ಭಾನುವಾರ ಬಿಡುವಾದರೆ ಕಾಗದ ಪೆನ್ಸಿಲ್ ತೆಗೆದು ಗುಣಿಸಿ ನೋಡಿ. ನಾನು ಬರೆದಿದ್ದೇನೆಂದು ನಂಬಬೇಡಿ. ತಾಳೆಯಾಗದಿದ್ದರೆ ಖಂಡಿತ ಕಾಗದ ಹಾಕಿ, ಇಬ್ಬರೂ ಸೇರಿ ಹುಡುಕೋಣ.